ಕೊಯ್ದವನು ಒಕ್ಕುವಾಗ ಇರಲಿಲ್ಲ

ದೇಶನೂರಿನ ಹುಡುಗನೊಬ್ಬ ಹೋದ ತಿಂಗಳು ಪ್ಲಾಸ್ಟಿಕ್ ಫೈಲೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದಿದ್ದ. ಜೊತೆಗೆ ಅವನ ತಾಯಿ. ಹುಡುಗ ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಮೂರು ವರ್ಷ ಫೀಲ್ಡ್ ಆಫೀಸರ್ ಆಗಿದ್ದವನು. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಎಂದು ದಿನಾ ಬೈಕಿನಲ್ಲಿ ಸುತ್ತಿ ಡೀಲರುಗಳ ಅಂಗಡಿಗೆ ಭತ್ತ, ಹತ್ತಿ, ಮೆಣಸಿನಕಾಯಿ ಬೀಜ ಇಳಿಸುವುದು, ರೈತರ ಹೊಲದಲ್ಲಿ ಡೆಮೊ ಪ್ಲಾಟು ಮಾಡಿಸುವುದು, ಸಂಜೆ ಆದರೆ ಅದರ ಫೋಟೊಗಳನ್ನು ವಾಟ್ಸಾಪ್ ಗುಂಪಿಗೆ ಹಾಕುವುದು. ಮಾರ್ಚ್ 31ಕ್ಕೆ ವರ್ಷ ಮುಗಿಯಿತು, ಟಾರ್ಗೆಟ್ಟೂ ಮುಗಿಯಿತು. ಏಪ್ರಿಲ್‌ನಲ್ಲಿ ಬೇರೆ ಕಂಪನಿಯಿಂದ ಕರೆ ಬಂತು. ರಾಜೀನಾಮೆ ಕೊಟ್ಟ, ಮೇ 12ಕ್ಕೆ ಕೊನೆಯ ದಿನ. ಜೂನ್‌ನಲ್ಲಿ ಜೊತೆಯವರ ಖಾತೆಗೆಲ್ಲ ಪರ್ಫಾರ್ಮೆನ್ಸ್ ಬೋನಸ್ ಜಮಾ ಆಯಿತು, ಇವನಿಗೆ ಆಗಲಿಲ್ಲ. ಕೇಳಿದ್ದಕ್ಕೆ ಎಚ್‌ಆರ್‌ನಿಂದ ಬಂದದ್ದು ಒಂದೇ ಸಾಲು: ಪಾವತಿಯ ದಿನ ನೀವು ಕಂಪನಿಯ ರೋಲ್‌ನಲ್ಲಿ ಇರಲಿಲ್ಲ, ಆದ್ದರಿಂದ ಅರ್ಹರಲ್ಲ.

ಅವನ ಲೆಕ್ಕದಲ್ಲಿ ಅದು 60 ಸಾವಿರ ರೂಪಾಯಿ. ತಾಯಿ ಫೈಲಿನ ಕಡೆ ನೋಡಲೇ ಇಲ್ಲ. ‘ಸರ, ಭತ್ತ ಕೊಯ್ದವ ಒಕ್ಕೋ ಹೊತ್ತಿಗೆ ಊರಾಗ ಇರ್ಲಿಲ್ಲ ಅಂತ ಅವನ ಕೂಲಿ ಮುರೀತಾರೇನ್ರಿ?’ ಅಂದರು.

ಮುರಿಯುವುದಿಲ್ಲ. ಆದರೆ ಆ ಮಾತನ್ನು ಕಂಪನಿಗೆ ಹೇಳಿದರೆ ಅವರ ವಕೀಲರು ಕೂಲಿ ಬೇರೆ, ಬೋನಸ್ ಬೇರೆ ಎನ್ನುತ್ತಾರೆ. ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. ನಾನು ವಕೀಲನಲ್ಲ. ಸಿರುಗುಪ್ಪ ಸೀಮೆಯ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತು ವರ್ಷ ಸಂಬಳದ ಪುಸ್ತಕ ಬರೆದವನು, ಆಮೇಲೆ ಇಂಥ ಫೈಲುಗಳನ್ನು ಓದುತ್ತಾ ಬಂದವನು. ಈ ಗೋಜಲೆಲ್ಲ ಹುಟ್ಟುವುದು ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಹಣ ಓಡಾಡುವುದರಿಂದ ಎಂಬುದು ನನಗೆ ತಿಳಿದಿದ್ದೂ ತಡವಾಗಿಯೇ.

ಒಂದು, ಕಾನೂನು ಕೊಡಿಸುವ ಬೋನಸ್. ಎರಡು, ದಸರೆಗೋ ದೀಪಾವಳಿಗೋ ಮಾಲೀಕರು ರೂಢಿಯಿಂದ ಕೊಡುವ ಬೋನಸ್. ಮೂರು, ಆಫರ್ ಲೆಟರಿನಲ್ಲಿ ವೇರಿಯಬಲ್ ಎಂದೋ ಪರ್ಫಾರ್ಮೆನ್ಸ್ ಎಂದೋ ಬರೆದಿರುವ ಬೋನಸ್. ಹುಡುಗ ಕೇಳಲು ಬಂದಿದ್ದು ಮೂರನೆಯದನ್ನು. ಫೈಲಿನಲ್ಲಿದ್ದ ಪೇ ಸ್ಲಿಪ್ಪು ನೋಡಿದ ಮೇಲೆ ನಾನು ಮೊದಲು ಕೇಳಿದ್ದು ಒಂದನೆಯದನ್ನು.

‘ನಿನ್ನ ಬೇಸಿಕ್ ಎಷ್ಟಪ್ಪ?’

‘ಹದಿನಾಲ್ಕು ಸಾವಿರ ಸರ. ಗ್ರಾಸ್ ಇಪ್ಪತ್ತೆಂಟು.’

ಬೋನಸ್ ಪಾವತಿ ಕಾಯ್ದೆ ಬಂದಿದ್ದು 1965ರಲ್ಲಿ. ತಿಂಗಳ ಸಂಬಳ 21,000 ರೂಪಾಯಿ ಮೀರದ ಯಾರಿಗೇ ಆಗಲಿ, ಅವರು ಆ ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದ್ದರೆ ಶೇ 8.33ಕ್ಕೆ ಕಡಿಮೆಯಿಲ್ಲದಂತೆ ಬೋನಸ್ ಕೊಡಬೇಕು ಎನ್ನುತ್ತಿತ್ತು ಅದು. 8.33 ಎಂಬ ವಿಚಿತ್ರ ಅಂಕಿ ಬೇರೇನೂ ಅಲ್ಲ, ನೂರನ್ನು ಹನ್ನೆರಡರಿಂದ ಭಾಗಿಸಿದ್ದು. ವರ್ಷಕ್ಕೆ ಒಂದು ತಿಂಗಳ ಸಂಬಳ. ಗರಿಷ್ಠ ಶೇ 20. ಈ 21,000ದ ಗೆರೆ 2015ರ ತಿದ್ದುಪಡಿಯಲ್ಲಿ ಬಂದಿದ್ದು, ಅದಕ್ಕೆ ಮುಂಚೆ 10,000 ಇತ್ತು. ಜನ ಎಡವುವುದು ಇಲ್ಲೇ. ಆ ಕಾಯ್ದೆಯಲ್ಲಿ ಸಂಬಳ ಎಂದರೆ ಬೇಸಿಕ್ ಮತ್ತು ತುಟ್ಟಿಭತ್ಯೆ ಮಾತ್ರ. ಮನೆ ಬಾಡಿಗೆ, ಪೆಟ್ರೋಲು, ಇತರೆ ಭತ್ಯೆಗಳು ಆ ಗೆರೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಗ್ರಾಸ್ 28 ಸಾವಿರ ಇರುವ ಹುಡುಗ ತಾನು ಸಾಹೇಬ, ಬೋನಸ್ ಎಲ್ಲ ಗಿರಣಿ ಹಮಾಲರಿಗೆ ಎಂದುಕೊಂಡಿದ್ದ. ಕಾನೂನಿನ ಕಣ್ಣಿಗೆ ಅವನು 14 ಸಾವಿರದವನು.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಮೂವತ್ತು ದಿನ, ಶೇ 8.33, ಶೇ 20 ಇವೆಲ್ಲ ಅದರಲ್ಲೂ ಹಾಗೇ ಇವೆ. ಸಂಬಳದ ಗೆರೆ ಎಷ್ಟಿರಬೇಕು ಎಂಬುದನ್ನು ಸಂಹಿತೆ ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಒಂದು ಬದಲಾವಣೆ ಮಾತ್ರ ನಮ್ಮ ಕಡೆಯವರು ಗಮನಿಸಬೇಕಾದ್ದು. ಹಳೆಯ ಕಾಯ್ದೆ ಕಾರ್ಖಾನೆ ಎನಿಸಿಕೊಂಡ ಪ್ರತಿಯೊಂದಕ್ಕೂ, ಅದಲ್ಲದೆ 20 ಜನ ಇರುವ ಇತರ ಸಂಸ್ಥೆಗಳಿಗೂ ಅನ್ವಯಿಸುತ್ತಿತ್ತು. ಹೊಸತರಲ್ಲಿ ಎಲ್ಲರಿಗೂ 20 ಜನದ ಲೆಕ್ಕವೇ. ಬಳ್ಳಾರಿಯ ಜೀನ್ಸ್ ಕೆಲಸ ಗೊತ್ತಿದ್ದವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ. ಕಟಿಂಗ್ ಒಂದು ಕಡೆ, ಹೊಲಿಗೆ ಹತ್ತು ಕಡೆ, ವಾಷಿಂಗ್ ಇನ್ನೊಂದು ಕಡೆ. ಎಂಟು ಮಿಷಿನ್ ಹಾಕಿಕೊಂಡು ಮನೆಯ ಮುಂದಿನ ಕೋಣೆಯಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಸುವವರ ಹತ್ತಿರ ಈ ಕಾನೂನು ಹೋಗುವುದೇ ಇಲ್ಲ.

ಈಗ ಬಿಟ್ಟುಹೋದವರ ಮಾತು. ವರ್ಷದ ಮಧ್ಯೆ ಕೆಲಸ ಬಿಟ್ಟರೆ ಬೋನಸ್ ಹೋಯಿತು ಎಂಬ ಮಾತು ಹಳೆಯ ಕಾಯ್ದೆಯಲ್ಲೂ ಇಲ್ಲ, ಹೊಸ ಸಂಹಿತೆಯಲ್ಲೂ ಇಲ್ಲ. ಬೋನಸ್ ಕಳೆದುಕೊಳ್ಳುವವರು ಯಾರು ಎಂದು ಕಾನೂನು ಪಟ್ಟಿ ಮಾಡಿದೆ: ವಂಚನೆ, ಕೆಲಸದ ಜಾಗದಲ್ಲಿ ದಾಂಧಲೆ, ಕಳ್ಳತನ, ಹಣ ದುರುಪಯೋಗ ಅಥವಾ ಬೇಕೆಂದೇ ಹಾಳುಮಾಡಿದ್ದಕ್ಕಾಗಿ ವಜಾ ಆದವರು. ಹೊಸ ಸಂಹಿತೆ ಇದಕ್ಕೆ ಲೈಂಗಿಕ ಕಿರುಕುಳದಲ್ಲಿ ಶಿಕ್ಷೆಯಾದವರನ್ನೂ ಸೇರಿಸಿದೆ. ರಾಜೀನಾಮೆ ಕೊಟ್ಟವರ ಹೆಸರು ಆ ಪಟ್ಟಿಯಲ್ಲಿಲ್ಲ. ಮಾಡಿದಷ್ಟು ದಿನದ ಗಳಿಕೆಯ ಮೇಲೆ ಬೋನಸ್, ಅಷ್ಟೇ. ಸಂಬಳದ ರಜೆಯ ದಿನಗಳು, ಹೆರಿಗೆ ರಜೆಯ ದಿನಗಳು, ಕೆಲಸದಲ್ಲಿ ಅಪಘಾತವಾಗಿ ಮಲಗಿದ ದಿನಗಳು, ಇವನ್ನೂ ಕೆಲಸ ಮಾಡಿದ ದಿನಗಳೆಂದೇ ಎಣಿಸಬೇಕು.

ಹುಡುಗನ ತಂಗಿಯ ವಿಷಯ ಹೊರಬಿದ್ದಿದ್ದು ಈ ಮಾತಿನ ಮಧ್ಯೆ. ಅವಳು ಬಳ್ಳಾರಿಯಲ್ಲಿ ನೂರಾರು ಜನರಿರುವ ಒಂದು ಗಾರ್ಮೆಂಟಿನಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳು ಹೊಲಿಗೆಗೆ ಹೋಗಿದ್ದಳಂತೆ, ತಿಂಗಳಿಗೆ 12 ಸಾವಿರ. ಮದುವೆ ಗೊತ್ತಾಯಿತು, ಬಿಟ್ಟಳು. ದೀಪಾವಳಿಗೆ ಜೊತೆಯ ಹುಡುಗಿಯರಿಗೆ ಬೋನಸ್ ಬಂತು, ಇವಳು ಕೇಳಲೂ ಇಲ್ಲ. ಬಿಟ್ಟು ಬಂದ ಮೇಲೆ ಎಂಥ ಬೋನಸ್ಸು ಎಂದು ಮನೆಯವರೇ ಹೇಳಿದ್ದರು. ಹಳೆಯ ಕಾಯ್ದೆಯಲ್ಲಿ ಬೋನಸ್ ಲೆಕ್ಕ ಹಾಕುವಾಗ ತಿಂಗಳಿಗೆ 7,000 ಅಥವಾ ಆ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಮಿತಿಯಾಗಿ ಹಿಡಿಯುತ್ತಿದ್ದರು. ಅವಳ ಕೆಲಸದ ಕನಿಷ್ಠ ವೇತನ 12 ಸಾವಿರವೇ ಎಂದಿಟ್ಟುಕೊಳ್ಳಿ. ಐದು ತಿಂಗಳಿಗೆ 60 ಸಾವಿರ, ಅದರ ಶೇ 8.33 ಎಂದರೆ ಎರಡು ರೂಪಾಯಿ ಕಡಿಮೆ ಐದು ಸಾವಿರ. ಬರೇ 7,000 ಹಿಡಿದರೂ 2,900 ದಾಟುತ್ತದೆ.

ಅಣ್ಣನದು ಇನ್ನೂ ಚೆನ್ನಾಗಿದೆ. ಮುಗಿದ ವರ್ಷಕ್ಕೆ 7,000ದ ಲೆಕ್ಕದಲ್ಲೇ ಅವನಿಗೆ ಸುಮಾರು 7,000 ರೂಪಾಯಿ ಬರಬೇಕು. ಪೇ ಸ್ಲಿಪ್ಪಿನಲ್ಲಿ ಬೋನಸ್ ಎಂಬ ಸಾಲೇ ಇರಲಿಲ್ಲ. ಆಮೇಲೆ ಏಪ್ರಿಲ್ 1ರಿಂದ ಮೇ 12ರವರೆಗೆ 42 ದಿನ. ಭಾನುವಾರ, ಹಬ್ಬ ತೆಗೆದರೂ ಮೂವತ್ತು ದಾಟುತ್ತದೆ. ಹಾಗಾಗಿ ಹೊಸ ವರ್ಷದ ಲೆಕ್ಕದಲ್ಲೂ ಅವನಿಗೆ ಬೋನಸ್ ಇದೆ, ಸುಮಾರು 800 ರೂಪಾಯಿ. ಹುಡುಗ ನಕ್ಕುಬಿಟ್ಟ. ತಾಯಿ ನಗಲಿಲ್ಲ. ‘ಎಂಟ್ನೂರು ಅಂದ್ರ ಎರಡು ದಿನದ ಕೂಲಿ’ ಅಂದರು.

ದೇಶನೂರು ಎಂದ ಕೂಡಲೇ ಸುತ್ತಲಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಮಾತ್ರ ಕೆಲಸಕ್ಕೆ ಬಂದು ಹೋಗುವವರದು ಎಲ್ಲ ಸಕ್ಕರೆ ಕಾರ್ಖಾನೆಗಳಲ್ಲೂ ಒಂದು ದೊಡ್ಡ ಪಾಲು. ಅವರಿಗೂ ಇದೇ ಮಾತು. ಹಂಗಾಮಿನಲ್ಲಿ 30 ದಿನ ದುಡಿದಿದ್ದರೆ ಆ ಗಳಿಕೆಯ ಮೇಲೆ ಬೋನಸ್ ಇದೆ. ಹಬ್ಬದ ದಿನ ಗೇಟಿನೊಳಗೆ ನಿಂತಿರಬೇಕು ಎಂಬ ಷರತ್ತು ಕಾನೂನಿನಲ್ಲಿ ಇಲ್ಲ.

ಹೀಗೆ ಬರೆಯುವಾಗ ನನಗೇ ನಾಚಿಕೆ. ಗಿರಣಿಯಲ್ಲಿದ್ದಾಗ ಆಯುಧ ಪೂಜೆಯ ದಿನ ಹಾಜರಿದ್ದವರಿಗೆಲ್ಲ ಮಾಲೀಕರು ಒಂದು ಲಕೋಟೆ, ಒಂದು ಜೊತೆ ಬಟ್ಟೆ, ಮಂಡಕ್ಕಿ ಮೈಸೂರುಪಾಕಿನ ಪೊಟ್ಟಣ ಕೊಡುತ್ತಿದ್ದರು. ಪುಸ್ತಕದಲ್ಲಿ ನಾನು ಅದನ್ನು ‘ದಸರಾ ಇನಾಮು’ ಎಂದು ಬರೆಯುತ್ತಿದ್ದೆ. ಶ್ರಾವಣದಲ್ಲಿ ಬಿಟ್ಟುಹೋದ ಹಮಾಲನ ಹೆಸರು ಆ ಪುಟದಲ್ಲಿ ಇರುತ್ತಿರಲಿಲ್ಲ. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದೇ ಲಕೋಟೆಯನ್ನು ಲೇಬರ್ ಇನ್‌ಸ್ಪೆಕ್ಟರ್ ಬಂದಾಗ ಕಾನೂನಿನ ಬೋನಸ್ ಎಂದು ತೋರಿಸುತ್ತಿದ್ದೆವು. ಇನಾಮಾದರೆ ಕೊಡುವವರ ಇಷ್ಟ, ಬೋನಸ್ಸಾದರೆ ಬಿಟ್ಟವನಿಗೂ ಕೊಡಬೇಕು. ಎರಡನ್ನೂ ಒಂದೇ ಲಕೋಟೆಯಲ್ಲಿ ತುಂಬಿದ್ದೆವು. ಹಬ್ಬದ ಬೋನಸ್ ಕೂಡ ಸದಾ ಇನಾಮಾಗಿಯೇ ಉಳಿಯುವುದಿಲ್ಲ. ಬಂಗಾಳದ ದುರ್ಗಾ ಪೂಜೆಯ ಬೋನಸ್ ಕುರಿತ ವ್ಯಾಜ್ಯಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೊಂದು ಅಳತೆಯನ್ನೇ ಕೊಟ್ಟಿದೆ. ತುಂಬಾ ವರ್ಷ, ಒಂದು ವರ್ಷವೂ ತಪ್ಪದೆ, ಒಂದೇ ದರದಲ್ಲಿ, ನಷ್ಟದ ವರ್ಷದಲ್ಲೂ ಕೊಟ್ಟಿದ್ದರೆ ಅದು ಕೆಲಸಗಾರನ ಹಕ್ಕಾಗಿಬಿಡುತ್ತದೆ.

ಇನ್ನು ಅವನು ಕೇಳಲು ಬಂದಿದ್ದಕ್ಕೆ ಬರೋಣ, ಆ 60 ಸಾವಿರಕ್ಕೆ.

ಪರ್ಫಾರ್ಮೆನ್ಸ್ ಬೋನಸ್ಸಿಗೆ ಪ್ರತ್ಯೇಕ ಕಾಯ್ದೆ ಇಲ್ಲ. ಅದು ಕರಾರಿನ ಮಗು. ಕಂಪನಿ ಮತ್ತು ನೌಕರ ಏನು ಬರೆದುಕೊಂಡಿದ್ದಾರೋ ಅದೇ ಕಾನೂನು, 1872ರ ಕರಾರು ಕಾಯ್ದೆಯ ಚೌಕಟ್ಟಿನೊಳಗೆ. ಆದ್ದರಿಂದ ಮೂರು ಕಾಗದ ಬೇಕು: ಆಫರ್ ಲೆಟರ್, ಬೋನಸ್ ಅಥವಾ ಇನ್ಸೆಂಟಿವ್ ಪಾಲಿಸಿ, ಆ ವರ್ಷದ ಟಾರ್ಗೆಟ್ ಶೀಟು. ಹುಡುಗನ ಫೈಲಿನಲ್ಲಿ ಮೊದಲನೆಯದು ಮಾತ್ರ ಇತ್ತು. ಅದರಲ್ಲಿ ಸಿಟಿಸಿ 4.2 ಲಕ್ಷ ಚಿಲ್ಲರೆ ಎಂದು ದಪ್ಪ ಅಕ್ಷರದಲ್ಲಿದ್ದು, ಅದರ ಒಡಲಲ್ಲೇ 60 ಸಾವಿರ ವೇರಿಯಬಲ್ ಎಂದು ಸೇರಿಸಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು, ಕಂಪನಿಯ ಚಾಲ್ತಿ ಪಾಲಿಸಿಗೆ ಒಳಪಟ್ಟು ಎಂದು. ಆ ಪಾಲಿಸಿಯಲ್ಲಿ ಏನಿದೆ? ‘ನೋಡಿಲ್ಲ ಸರ. ಪೋರ್ಟಲ್‌ನಾಗ ಇತ್ತು. ಈಗ ಲಾಗಿನ್ ಆಗಲ್ಲ.’

ಎಚ್‌ಆರ್ ಉತ್ತರದಿಂದ ಪಾಲಿಸಿಯ ಮುಖ್ಯ ಸಾಲು ಊಹಿಸಬಹುದು. ಬಹಳ ಕಂಪನಿಗಳಲ್ಲಿ ಅದೇ ಸಾಲು ಇರುತ್ತದೆ: ಹಣ ಕೊಡುವ ದಿನ ನೌಕರ ರೋಲ್‌ನಲ್ಲಿರಬೇಕು, ನೋಟಿಸ್ ಪೀರಿಯಡ್‌ನಲ್ಲಿ ಇರಬಾರದು. ಹೀಗೊಂದು ಷರತ್ತು ನಿಲ್ಲುತ್ತದೆಯೇ? ಇದಕ್ಕೆ ನೇರ ಉತ್ತರ ಹುಡುಕುವವರು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಮೊಕದ್ದಮೆಗಳನ್ನು ಎದುರುಬದುರು ಇಟ್ಟು ನೋಡಬೇಕು. ಎರಡೂ ಖಾಸಗಿ ಕಂಪನಿಯವಲ್ಲ, ಎರಡರಲ್ಲೂ ಬೋನಸ್ ಎಂಬ ಪದವಿಲ್ಲ. ಆದರೆ ದೇಶನೂರಿನ ಹುಡುಗನ ಜಗಳ ಈ ಎರಡರ ಮಧ್ಯೆಯೇ ಇದೆ.

ಮೊದಲನೆಯದು ಕೆಪಿಟಿಸಿಎಲ್‌ನದು, ನಮ್ಮ ವಿದ್ಯುತ್ ಪ್ರಸರಣ ನಿಗಮದ್ದು. ಅಲ್ಲಿಯ ನೌಕರರು ವರ್ಷವಿಡೀ ಕೆಲಸ ಮಾಡಿ, ವಾರ್ಷಿಕ ವೇತನ ಬಡ್ತಿಗೆ, ಅಂದರೆ ಇನ್‌ಕ್ರಿಮೆಂಟಿಗೆ ಬೇಕಾದ ಒಂದು ವರ್ಷ ಪೂರೈಸಿ, ಮರುದಿನವೇ ನಿವೃತ್ತರಾದರು. ಸೇವಾ ನಿಯಮಾವಳಿಯ 40(1)ರ ಪ್ರಕಾರ ಇನ್‌ಕ್ರಿಮೆಂಟ್ ಕೈಗೆ ಬರುವುದು ಗಳಿಸಿದ ದಿನದ ಮರುದಿನದಿಂದ. ಆ ಮರುದಿನ ನೀವು ಸೇವೆಯಲ್ಲಿ ಇರಲಿಲ್ಲ, ಆದ್ದರಿಂದ ಇಲ್ಲ ಎಂದಿತು ನಿಗಮ. ಥೇಟ್ ರೋಲ್‌ನಲ್ಲಿ ಇರಲಿಲ್ಲ ಎಂಬ ಮಾತೇ. ಹೈಕೋರ್ಟಿನ ಏಕಸದಸ್ಯ ಪೀಠ ನಿಗಮದ ಕಡೆ ನಿಂತಿತು, ವಿಭಾಗೀಯ ಪೀಠ ನೌಕರರ ಕಡೆ ತೀರ್ಪು ಕೊಟ್ಟಿತು. ನಿಗಮ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಏಪ್ರಿಲ್ 11ರಂದು ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಸಿ.ಟಿ. ರವಿಕುಮಾರ್ ಅವರ ಪೀಠ ನೌಕರರ ಪರವಾಗಿಯೇ ಹೇಳಿತು. ಇನ್‌ಕ್ರಿಮೆಂಟು ಮುಂದಿನ ದಿನಕ್ಕೆ ಕೊಡುವುದಲ್ಲ, ಹಿಂದಿನ ಒಂದು ವರ್ಷ ಒಳ್ಳೆಯ ನಡತೆಯಿಂದ ದುಡಿದಿದ್ದಕ್ಕೆ. ಅದನ್ನು ಗಳಿಸಿಯಾಗಿದೆ. ಮರುದಿನ ನಿವೃತ್ತನಾದ ಎಂಬ ಕಾರಣಕ್ಕೆ ಕಿತ್ತುಕೊಂಡರೆ ತಪ್ಪೇ ಮಾಡದವನಿಗೆ ಶಿಕ್ಷೆ ಕೊಟ್ಟಂತೆ. ಕೋರ್ಟು ಹೇಳಿದ್ದರ ಸಾರ ಇಷ್ಟು.

ಭತ್ತ ಕೊಯ್ದವನ ಬಗ್ಗೆ ಆ ತಾಯಿ ಹೇಳಿದ್ದೂ ಇದನ್ನೇ, ಇನ್ನೂ ಕಡಿಮೆ ಮಾತಿನಲ್ಲಿ.

ಎರಡನೆಯದು ವಿಜಯಾ ಬ್ಯಾಂಕಿನದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಕರಗಿಹೋಯಿತು. ಮೊಕದ್ದಮೆ ಅದಕ್ಕೂ ಹಳೆಯದು. ಬ್ಯಾಂಕು 2006ರಲ್ಲಿ ಅಧಿಕಾರಿಗಳನ್ನು ಕರೆದಾಗ ಒಂದು ಷರತ್ತು ಹಾಕಿತ್ತು: ಮೂರು ವರ್ಷ ಮುಗಿಯುವ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರ ಜುಲೈನಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಪ್ರತಿಭಟಿಸುತ್ತಲೇ 2 ಲಕ್ಷ ಕಟ್ಟಿದರು, ಹೈಕೋರ್ಟಿಗೆ ಹೋದರು, ಅಲ್ಲಿ ಎರಡೂ ಹಂತದಲ್ಲಿ ಗೆದ್ದರು. 2025ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಷರತ್ತು ಸ್ಪಷ್ಟವಾಗಿತ್ತು, ಮೊದಲೇ ಗೊತ್ತಿತ್ತು, ಬೇರೆ ಕಡೆ ಕೆಲಸ ಮಾಡಬೇಡ ಎಂದು ಅದು ತಡೆಯುವುದಿಲ್ಲ, ಸಾರ್ವಜನಿಕ ವಲಯದ ಬ್ಯಾಂಕಿಗೆ ಮತ್ತೆ ಅಧಿಕಾರಿಯನ್ನು ಹುಡುಕುವ ಖರ್ಚು ಇರುತ್ತದೆ, ಒಳ್ಳೆಯ ಸಂಬಳ ಪಡೆಯುವ ಹಿರಿಯ ಅಧಿಕಾರಿಗೆ 2 ಲಕ್ಷ ಹೊರಲಾರದ ಹೊರೆಯೂ ಅಲ್ಲ ಎಂದಿತು. ಹದಿನಾರು ವರ್ಷದ ವ್ಯಾಜ್ಯ, ಕಟ್ಟಿದ ಹಣ ಬ್ಯಾಂಕಿನಲ್ಲೇ ಉಳಿಯಿತು.

ಎರಡನ್ನೂ ಒಟ್ಟಿಗೆ ಇಟ್ಟರೆ ಹುಡುಗನ ಸ್ಥಿತಿ ಸ್ವಲ್ಪ ಸ್ಪಷ್ಟವಾಗುತ್ತದೆ. ಗಳಿಸಿದ್ದನ್ನು ಕಿತ್ತುಕೊಳ್ಳಬಾರದು ಎಂಬ ತತ್ವ ಅವನ ಕಡೆ ಇದೆ, ವರ್ಷ ಪೂರ್ತಿ ಮಾಡಿದ್ದಾನೆ. ಆದರೆ ಕೆಪಿಟಿಸಿಎಲ್ ಸರ್ಕಾರದ ಸಂಸ್ಥೆ, ಅದರ ನಿಯಮ ಮನಸೋಇಚ್ಛೆಯದು ಎಂದು ನೌಕರ ಹೈಕೋರ್ಟಿಗೆ ಹೋಗಬಹುದು. ಖಾಸಗಿ ಕಂಪನಿಯ ವಿರುದ್ಧ ಆ ದಾರಿ ಇಲ್ಲ. ಅಲ್ಲಿ ನೋಡುವುದು ಕರಾರನ್ನು, ಸ್ಪಷ್ಟವಾಗಿ ಒಪ್ಪಿದ ಷರತ್ತನ್ನು ಕೋರ್ಟು ಎತ್ತಿಹಿಡಿಯುತ್ತದೆ ಎಂಬುದಕ್ಕೆ ವಿಜಯಾ ಬ್ಯಾಂಕೇ ಸಾಕ್ಷಿ. ಪಾಲಿಸಿ ಅವನಿಗೆ ಕೊಟ್ಟಿದ್ದರೆ, ಅದರಲ್ಲಿ ರೋಲ್‌ನ ಸಾಲು ಇದ್ದರೆ ಅವನ ಕೈ ದುರ್ಬಲ. ಸಾಲು ಇಲ್ಲದಿದ್ದರೆ, ಅಥವಾ ವರ್ಷ ಮುಗಿದ ಮೇಲೆ ಸೇರಿಸಿದ್ದರೆ, ಅಥವಾ ಆಫರ್ ಲೆಟರ್ ಒಂದು ಹೇಳಿ ಪಾಲಿಸಿ ಇನ್ನೊಂದು ಹೇಳುತ್ತಿದ್ದರೆ ಅವನ ಕೈ ಗಟ್ಟಿ. ನಾನು ಅವನಿಗೆ ಹೇಳಿದ್ದು ಇಷ್ಟೇ. ಗೆಲ್ಲುತ್ತೀ ಎಂದು ಹೇಳಲಿಲ್ಲ.

ಇಂಥ ಷರತ್ತಿನ ಹಿಂದೆ ಕಂಪನಿಗೂ ಒಂದು ಕಾರಣ ಇದೆ ಎಂಬುದನ್ನು ಒಪ್ಪಬೇಕು. ಬೀಜದ ವ್ಯಾಪಾರ ನೋಡಿದವರಿಗೆ ಮಾರ್ಚ್ ಕೊನೆಯ ವಾರದ ಆಟ ಗೊತ್ತು. ಟಾರ್ಗೆಟ್ ಮುಟ್ಟಿಸಲು ಡೀಲರಿಗೆ ಕೈಮುಗಿದು ಇಪ್ಪತ್ತು ಪಾಕೀಟು ಬೇಕಾದಲ್ಲಿ ನಲವತ್ತು ಇಳಿಸುತ್ತಾರೆ. ಮಾರಾಟ ಆಗದ್ದು ಹಂಗಾಮು ಮುಗಿದ ಮೇಲೆ ವಾಪಸ್ ಬರುತ್ತದೆ. ಡೀಲರಿನಿಂದ ಹಣ ಬರುವುದೂ ಬಾಕಿ ಇರುತ್ತದೆ. ಮಾರಾಟ ಮಾಡಿದ ಹುಡುಗ ಏಪ್ರಿಲ್‌ನಲ್ಲಿ ಬೋನಸ್ ಎಣಿಸಿಕೊಂಡು ಹೋದರೆ ವಾಪಸ್ ಬಂದ ಮಾಲಿಗೆ ಯಾರು ಜವಾಬು? ಹಾಗಾಗಿ ಲೆಕ್ಕ ಜೂನ್‌ವರೆಗೆ ಕಾಯುತ್ತದೆ. ಇದು ಸರಿಯೇ. ಆದರೆ ಲೆಕ್ಕ ತಡವಾಗುವುದು ಬೇರೆ, ಲೆಕ್ಕವನ್ನೇ ಅಳಿಸುವುದು ಬೇರೆ. ವಾಪಸ್ ಬಂದ ಮಾಲನ್ನು ಕಳೆದು ಉಳಿದದ್ದನ್ನು ಜೂನ್‌ನಲ್ಲಿ ಅವನ ಖಾತೆಗೆ ಹಾಕಲು ಅವನು ರೋಲ್‌ನಲ್ಲಿ ಇರಬೇಕಿಲ್ಲ, ಖಾತೆ ನಂಬರ್ ಇದ್ದರೆ ಸಾಕು. ಕರೆಯುವಾಗ ಅದನ್ನು ಸಿಟಿಸಿಯೊಳಗೆ ಸಂಬಳ ಎಂದು ತೋರಿಸಿ, ಕಳಿಸುವಾಗ ಇನಾಮು ಎನ್ನುವುದು ನನ್ನ ಕಣ್ಣಿಗೆ ಗಿರಣಿಯ ಅದೇ ಲಕೋಟೆಯಾಗಿಯೇ ಕಾಣುತ್ತದೆ.

ಕೆಲಸಗಾರ ಬಿಟ್ಟುಹೋಗದಂತೆ ಕಟ್ಟಿಹಾಕಲು ಬೋನಸ್ ಬಳಸುವುದು ಇವತ್ತಿನದಲ್ಲ. 1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗು ಬಂದಾಗ ಜನ ಊರು ಬಿಡತೊಡಗಿದರು. ಮಗ್ಗ ನಿಲ್ಲಬಾರದು ಎಂದು ಗಿರಣಿ ಮಾಲೀಕರು ನೇಯುವವರಿಗೆ ‘ಪ್ಲೇಗ್ ಬೋನಸ್’ ಕೊಟ್ಟರು. ಕೆಲವರಿಗೆ ಅದು ಸಂಬಳದ ಮುಕ್ಕಾಲು ಭಾಗದಷ್ಟಿತ್ತು. ಪ್ಲೇಗು ಇಳಿಯಿತು, 1918ರ ಆರಂಭದಲ್ಲಿ ಬೋನಸ್ ನಿಲ್ಲಿಸಿದರು. ಅಷ್ಟರಲ್ಲಿ ಯುದ್ಧದ ಬೆಲೆಯೇರಿಕೆ ಬಂದು ಜನಕ್ಕೆ ಆ ಹಣವಿಲ್ಲದೆ ಬದುಕಲು ಆಗುತ್ತಿರಲಿಲ್ಲ. ಅದರ ಬದಲು ಶೇ 35 ಸಂಬಳ ಹೆಚ್ಚಿಸಿ ಎಂದು ಹೋರಾಟ ನಡೆಯಿತು, ಅನಸೂಯಾ ಸಾರಾಭಾಯಿ ಅದರ ಮುಂದಾಳು, ಗಾಂಧಿ ಉಪವಾಸ ಕೂತಿದ್ದು ಅಲ್ಲೇ. ಎದುರು ಪಕ್ಷದಲ್ಲಿದ್ದ ಮಾಲೀಕರ ಮುಖಂಡ ಅಂಬಾಲಾಲ್ ಸಾರಾಭಾಯಿ ಅನಸೂಯಾ ಅವರ ಸ್ವಂತ ತಮ್ಮ. ಸಾಯುವ ಭಯದಲ್ಲೂ ಊರು ಬಿಡದಿರಲು ಕೊಟ್ಟ ಹಣ, ಭಯ ಹೋದ ಕೂಡಲೇ ಮಾಲೀಕರಿಗೆ ದಾನದಂತೆ ಕಂಡಿತು.

ಅದಕ್ಕಿಂತ ಹಳೆಯದೊಂದು ಇಂಗ್ಲೆಂಡಿನ ಮೊಕದ್ದಮೆ ಇದೆ, ಅಲ್ಲಿಯ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವುದು. 1793ರಲ್ಲಿ ಜಮೈಕಾದಿಂದ ಲಿವರ್‌ಪೂಲಿಗೆ ಹೊರಟ ಹಡಗಿನಲ್ಲಿ ಒಬ್ಬ ನಾವಿಕ. ದಡ ಮುಟ್ಟಿಸಿದರೆ 30 ಗಿನಿ ಎಂದು ಕರಾರು, ಮಾಮೂಲಿ ಸಂಬಳದ ನಾಲ್ಕು ಪಟ್ಟು. ದಡ ಮುಟ್ಟಲು ಮೂರು ವಾರವೂ ಇಲ್ಲದಿರುವಾಗ ನಾವಿಕ ಹಡಗಿನಲ್ಲೇ ತೀರಿಕೊಂಡ. ಮಾಡಿದಷ್ಟು ದಿನದ್ದನ್ನಾದರೂ ಕೊಡಿ ಎಂದು ಹೆಂಡತಿ ಕೇಳಿದಳು. 1795ರಲ್ಲಿ ಕೋರ್ಟು ಒಂದು ಕಾಸೂ ಇಲ್ಲ ಎಂದಿತು. ದಡ ಮುಟ್ಟಿದರೆ ಎಂಬುದು ಷರತ್ತು, ಮುಟ್ಟಲಿಲ್ಲ. ರೋಲ್‌ನಲ್ಲಿ ಇರಬೇಕೆಂಬ ಸಾಲನ್ನು ಓದಿದಾಗಲೆಲ್ಲ ನನಗೆ ಆ ಹೆಂಗಸಿನ ನೆನಪು ಬರುತ್ತದೆ.

ಇಲ್ಲಿಗೆ ವಾಪಸ್ಸಾದರೆ, ಕಾನೂನಿನ ಬೋನಸ್ಸಿನ ವಿಷಯದಲ್ಲಿ ನಮ್ಮ ಕೆಲಸಗಾರನ ಸ್ಥಿತಿ ಆ ವಿಧವೆಗಿಂತ ಎಷ್ಟೋ ಮೇಲು. ಬೋನಸ್ ಬಿಟ್ಟುಕೊಡುತ್ತೇನೆ ಎಂದು ಅವನೇ ಸಹಿ ಹಾಕಿಕೊಟ್ಟಿದ್ದರೂ ಆ ಬರಹ ಕಾನೂನಿನ ಕಣ್ಣಿಗೆ ಶೂನ್ಯ. ಕೆಲಸ ಬಿಡುವಾಗ ‘ಫುಲ್ ಅಂಡ್ ಫೈನಲ್’ ಎಂಬ ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರಲ್ಲ, ಇನ್ನು ಯಾವ ಬಾಕಿಯೂ ಇಲ್ಲ ಎಂದು, ಅದು ಶೇ 8.33ನ್ನು ನುಂಗಲಾರದು. ಪರ್ಫಾರ್ಮೆನ್ಸ್ ಬೋನಸ್ಸನ್ನು ಮಾತ್ರ ನುಂಗಬಹುದು, ಆದ್ದರಿಂದ ತಕರಾರು ಇದ್ದರೆ ಸಹಿಯ ಪಕ್ಕದಲ್ಲೇ ಅದನ್ನು ಬರೆಯಬೇಕು. ಹುಡುಗ ಬರೆದಿರಲಿಲ್ಲ.

ಅವಧಿಯ ಬಗ್ಗೆಯೂ ಒಂದು ಗೊಂದಲ ಹಬ್ಬಿದೆ. ಹೊಸ ಸಂಹಿತೆಯಲ್ಲಿ ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಎಲ್ಲ ಹಣ ಬರುತ್ತದೆ ಎಂದು ಫೋನುಗಳಲ್ಲಿ ಓಡಾಡುತ್ತಿದೆ. ಎರಡು ದಿನದಲ್ಲಿ ಬರಬೇಕಾದ್ದು ವೇತನ. ಕಾನೂನಿನ ಬೋನಸ್ ವೇತನದ ವ್ಯಾಖ್ಯೆಯೊಳಗೆ ಬರುವುದಿಲ್ಲ, ಅದಕ್ಕೆ ಲೆಕ್ಕದ ವರ್ಷ ಮುಗಿದ ಮೇಲೆ ಎಂಟು ತಿಂಗಳ ಗಡುವು. ಮಾರ್ಚ್ 31ಕ್ಕೆ ವರ್ಷ ಮುಗಿದರೆ ನವೆಂಬರ್ 30. ಅಲ್ಲಿಯವರೆಗೆ ಕೇಳಿದವರಿಗೆ ಕಂಪನಿ ಕಾಯಿರಿ ಎಂದರೆ ಅದು ತಪ್ಪಲ್ಲ. ದಾಟಿದರೆ ಕಾರ್ಮಿಕ ಇಲಾಖೆಗೆ ಅರ್ಜಿ. ಹಳೆಯ ಕಾಯ್ದೆಯಲ್ಲಿ ಬೋನಸ್ ವಸೂಲಿಗೆ ಒಂದು ವರ್ಷದೊಳಗೆ ಕೇಳಬೇಕಿತ್ತು, ಹೊಸ ಸಂಹಿತೆ ಮೂರು ವರ್ಷ ಕೊಟ್ಟಿದೆ. ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊರೆ ಮಾಲೀಕನದು. ಕ್ಲೇಮಿನ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅರ್ಜಿ ಕೇಳುವ ಪ್ರಾಧಿಕಾರಕ್ಕಿದೆ. ಇದನ್ನೆಲ್ಲ ಕೇಳಿದ ತಂಗಿ ಫೋನಿನಲ್ಲೇ ಅಂದಳಂತೆ, ಗಂಡನ ಮನೆಯಿಂದ ಐದು ಸಾವಿರಕ್ಕೆ ಬಳ್ಳಾರಿಗೆ ಯಾರು ಓಡಾಡುತ್ತಾರೆ ಎಂದು. ಆ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇಲ್ಲ.

ಆ ಸಂಜೆ ನಾವು ಎರಡು ಪತ್ರ ಬರೆದೆವು. ಒಂದು ಕಾನೂನಿನ ಬೋನಸ್ಸಿಗೆ, ಹಕ್ಕಿನ ಮಾತಿನಲ್ಲಿ. ಇನ್ನೊಂದು 60 ಸಾವಿರಕ್ಕೆ, ಪಾಲಿಸಿಯ ಪ್ರತಿ ಕೊಡಿ, ಟಾರ್ಗೆಟ್ ಶೀಟು ಕೊಡಿ, ಯಾವ ಸಾಲಿನ ಮೇಲೆ ನಿರಾಕರಿಸಿದಿರಿ ಹೇಳಿ ಎಂದು. ಎರಡನೆಯದನ್ನು ಬರೆಯುವಾಗ ತುಂಬಾ ಕಡೆ ಕೈ ನಿಂತಿತು. ಎಷ್ಟು ಪರ್ಸೆಂಟ್ ಮುಟ್ಟಿಸಿದ್ದ, ಯಾವ ಡೀಲರಿನ ಎಷ್ಟು ಮಾಲು ಉಳಿದಿತ್ತು, ಮ್ಯಾನೇಜರ್ ಯಾವ ದಿನ ಚೆನ್ನಾಗಿ ಮಾಡಿದ್ದೀ ಎಂದು ಬರೆದಿದ್ದ, ಎಲ್ಲವೂ ಕಂಪನಿಯ ಮೇಲ್‌ನಲ್ಲೇ ಇತ್ತು. ಮೇ 12ರ ಸಂಜೆ ಆರಕ್ಕೆ ಆ ಮೇಲ್ ಬಂದ್ ಆಗಿತ್ತು, ಕಂಪನಿಯ ಸಿಮ್ಮೂ ವಾಪಸ್ ಕೊಟ್ಟಾಗಿತ್ತು, ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದ್ದರು.

ಕೆಲಸ ಬಿಡುವ ಯೋಚನೆ ಇರುವವರು ರಾಜೀನಾಮೆಯ ಮೇಲ್ ಒತ್ತುವ ಮುಂಚೆ ಬೋನಸ್ ಪಾಲಿಸಿಯನ್ನೂ ನಿಮ್ಮದೇ ಟಾರ್ಗೆಟ್ ಪತ್ರವನ್ನೂ ಒಮ್ಮೆ ಓದಿ, ಪ್ರತಿ ಇಟ್ಟುಕೊಳ್ಳಲು ಅನುಮತಿಯಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕೇಳಿ ಪಡೆಯಿರಿ. ಪಾವತಿಯ ತಾರೀಕು ಹದಿನೈದು ದಿನ ದೂರ ಇದ್ದರೆ ಹದಿನೈದು ದಿನ ತಡೆದು ರಾಜೀನಾಮೆ ಕೊಡಿ.